ಕಾಸರಗೋಡಿನ ಮಳೆಗಾಲಕ್ಕೆ ಮರದ ಕಂಪ್ಯೂಟರ್ ಕ್ಯಾಬಿನೆಟ್ ತಡೆಯುತ್ತದೆಯೇ? ಮಾಡುವುದಿದ್ದರೆ ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮನೆ ಬದಿಯಡ್ಕದ ಹತ್ತಿರ. ಕೈಯಲ್ಲಿ ಮೈಕ್ರೋ ಎಟಿಎಕ್ಸ್ ಅಳತೆಯ ಮದರ್‌ಬೋರ್ಡ್, ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈ, 280 ಮಿ.ಮೀ. ಉದ್ದದ ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ತಣಿಸುವ 155 ಮಿ.ಮೀ. ಎತ್ತರದ ಟವರ್ ಕೂಲರ್ ಇವೆ. ಮನೆಯಲ್ಲಿ ಹಲಸಿನ ಹಲಗೆ ಇದೆ, ಊರಲ್ಲಿ ಒಳ್ಳೆಯ ಆಚಾರಿ ಇದ್ದಾರೆ. ಪೂರ್ತಿ ಮರದ ಕ್ಯಾಬಿನೆಟ್ ಆಗಬೇಕು, ಆದರೆ ಬಿಸಿಗೆ ಬೆಂಕಿ ಹಿಡಿದೀತೇ, ಮಳೆಗಾಲದಲ್ಲಿ ಹಾಳಾದೀತೇ ಎಂಬ ಹೆದರಿಕೆ.

ಬೆಂಕಿಯ ಚಿಂತೆ ಬಿಡಿ. ಪ್ರೊಸೆಸರ್ ಒಳಗೆ 90 ಡಿಗ್ರಿ ತೋರಿಸಿದರೂ ಕ್ಯಾಬಿನೆಟ್‌ನಿಂದ ಹೊರಬರುವ ಗಾಳಿ ಸಾಮಾನ್ಯವಾಗಿ 50ರ ಆಸುಪಾಸಿನಲ್ಲಿರುತ್ತದೆ. ಮರ ಹೊತ್ತಿಕೊಳ್ಳಬೇಕಾದರೆ 250 ಡಿಗ್ರಿಯಾದರೂ ದಾಟಬೇಕು. ಸಡಿಲವಾಗಿ ಕೂತ ಪವರ್ ಕನೆಕ್ಟರ್ ಕರಗುವುದುಂಟು, ಆದರೆ ಅದು ಕಬ್ಬಿಣದ ಕ್ಯಾಬಿನೆಟ್‌ನಲ್ಲೂ ಆಗುವಂಥದ್ದು. ನಿಜವಾದ ತೊಂದರೆ ಎರಡು. ಒಂದು, ಹಿಂಬದಿಯ ತಗಡಿನಲ್ಲಿ ಬೇಕಾದ ಅಳತೆಯ ನಿಖರತೆ ಮರದಲ್ಲಿ ಸಿಗುವುದಿಲ್ಲ. ಇನ್ನೊಂದು, ಜೂನ್‌ನಿಂದ ನವೆಂಬರ್‌ವರೆಗಿನ ನಮ್ಮ ತೇವ. ಎರಡಕ್ಕೂ ಮದ್ದು ಒಂದೇ: ಎಲುಬುಗೂಡು ಉಕ್ಕಿನದೇ ಇರಲಿ, ಮರ ಅದರ ಮೇಲಿನ ಅಂಗಿಯಾಗಲಿ. ಪೂರ್ತಿ ಮರದ್ದೇ ಬೇಕೆಂಬ ಹಟ ಇದ್ದರೆ ಅದನ್ನು ಎರಡನೆಯ ಕ್ಯಾಬಿನೆಟ್‌ಗೆ ಇಟ್ಟುಕೊಳ್ಳಿ.

ಗುಜರಿ ಅಂಗಡಿಯಲ್ಲೋ ಕಂಪ್ಯೂಟರ್ ರಿಪೇರಿಯವರಲ್ಲೋ ಹಳೆಯ ಎಟಿಎಕ್ಸ್ ಕ್ಯಾಬಿನೆಟ್ ಒಂದನ್ನು ಕೇಳಿ ತನ್ನಿ. ಮುಂಭಾಗ ಒಡೆದಿದ್ದರೂ ಅಡ್ಡಿಯಿಲ್ಲ. ನಮಗೆ ಬೇಕಾದದ್ದು ಬೋರ್ಡ್ ಕೂರುವ ಟ್ರೇ ಮತ್ತು ಹಿಂಬದಿಯ ತಗಡು ಮಾತ್ರ. ಇವೆರಡನ್ನು ಯಾವ ಕಾರಣಕ್ಕೂ ಬೇರೆ ಮಾಡಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಬೋರ್ಡಿನ ಪೋರ್ಟ್‌ಗಳು ಹೊರಬರುವ ಚೌಕ 158.75 × 44.45 ಮಿ.ಮೀ., ಕಾರ್ಡ್‌ಗಳ ಸ್ಲಾಟ್‌ನಿಂದ ಸ್ಲಾಟ್‌ಗೆ ಅಂತರ 20.32 ಮಿ.ಮೀ. ಇವು ಟ್ರೇಯ ಸ್ಟ್ಯಾಂಡಾಫ್‌ಗಳೊಂದಿಗೆ (ಬೋರ್ಡನ್ನು ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಚಿಕ್ಕ ಲೋಹದ ಕಾಲುಗಳು) ಒಂದೇ ಲೆಕ್ಕದಲ್ಲಿ ಕೂರಬೇಕು. ರಿವೆಟ್ ಕಿತ್ತು ಬೇರೆ ಮಾಡಿ ಮತ್ತೆ ಜೋಡಿಸುವಾಗ ಒಂದು ಮಿ.ಮೀ. ಆಚೀಚೆ ಆದರೂ ಗ್ರಾಫಿಕ್ಸ್ ಕಾರ್ಡಿನ ಬ್ರ್ಯಾಕೆಟ್ ತಗಡಿಗೆ ಕೂರುವುದಿಲ್ಲ. ಒತ್ತಿ ಸ್ಕ್ರೂ ಬಿಗಿದರೆ ಕಾರ್ಡ್ ಸ್ಲಾಟ್‌ನಿಂದ ಒಂದು ಬದಿ ಎದ್ದು ಕೂರುತ್ತದೆ, ಡಿಸ್‌ಪ್ಲೇ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಆಚಾರಿಗಳ ಲೆಕ್ಕ ಇಂಚು ಮತ್ತು ನೂಲಿನಲ್ಲಿ. ಒಂದು ನೂಲೆಂದರೆ ಇಂಚಿನ ಎಂಟನೇ ಒಂದು ಭಾಗ, ಅಂದರೆ ಮೂರು ಮಿ.ಮೀ.ಗಿಂತ ಹೆಚ್ಚು. ಬಾಗಿಲಿಗೆ ಅದು ಧಾರಾಳ ಸಾಕು, ಈ ಚೌಕಕ್ಕೆ ಸಾಲದು. ಅದಕ್ಕೇ ಈ ಭಾಗವನ್ನು ಕಾರ್ಖಾನೆಯಲ್ಲಿ ಅಚ್ಚು ಹೊಡೆದದ್ದೇ ಇಟ್ಟುಕೊಳ್ಳುವುದು ಜಾಣತನ.

ಮುಂಭಾಗ, ತಳ, ಸಿಡಿ ಡ್ರೈವ್ ಇಡುವ ಗೂಡು ಇವುಗಳ ರಿವೆಟ್ ತಲೆಯನ್ನು 4 ಮಿ.ಮೀ. ಡ್ರಿಲ್ ಬಿಟ್‌ನಿಂದ ಕೊರೆದು ತೆಗೆಯಿರಿ. ತೆಗೆಯಲಾಗದ್ದನ್ನು ಗ್ರೈಂಡರ್‌ನಲ್ಲಿ ತೆಳು ಕಟಿಂಗ್ ಚಕ್ರ ಹಾಕಿ ಕತ್ತರಿಸಿ. ಕ್ಯಾಬಿನೆಟ್ ತಗಡಿಗೆ ಸತುವಿನ ಲೇಪ ಇರುತ್ತದೆ. ಕತ್ತರಿಸಿದ ಅಂಚಿನಲ್ಲಿ ಅದು ಹೋಗಿ ಬರಿ ಉಕ್ಕು ಕಾಣುತ್ತದೆ, ಉಪ್ಪಳ, ಕುಂಬಳೆಯಂಥ ಕಡಲ ಬದಿಯ ಊರಲ್ಲಾದರೆ ಒಂದೇ ಮಳೆಗಾಲಕ್ಕೆ ಕೆಂಪು ತುಕ್ಕು ಬರುತ್ತದೆ. ಅರ ಹಾಕಿ ಅಂಚು ನುಣುಪಾಗಿಸಿ, ಥಿನ್ನರ್‌ನಲ್ಲಿ ಒರೆಸಿ, ಜಿಂಕ್ ಪ್ರೈಮರ್ ಎರಡು ಕೋಟ್ ಕೊಡಿ. ಸತುವಿನ ಲೇಪ ಸುಡುವಾಗ ಬರುವ ಹೊಗೆ ಒಳ್ಳೆಯದಲ್ಲ, ಅಂಗಳದಲ್ಲೇ ಕತ್ತರಿಸಿ. ಲೋಹದ ಕೆಲಸ ಪೂರ್ತಿ ಮುಗಿದು, ತೊಳೆದು ಒಣಗುವವರೆಗೆ ಬೋರ್ಡನ್ನು ಆ ಕೋಣೆಗೇ ತರಬೇಡಿ. ಕಬ್ಬಿಣದ ಹುಡಿ ಒಂದು ಚಿಟಿಕೆ ಸಾಕು, ಶಾರ್ಟ್ ಆಗಲಿಕ್ಕೆ.

ಸ್ಟ್ಯಾಂಡಾಫ್ ವಿಷಯ ಚಿಕ್ಕದು, ಆದರೆ ಬೋರ್ಡ್ ಸುಡುವುದು ಅಲ್ಲೇ. ಬೋರ್ಡಿನಲ್ಲಿ ತೂತು ಇದ್ದಲ್ಲಿ ಮಾತ್ರ ಸ್ಟ್ಯಾಂಡಾಫ್ ಇರಬೇಕು. ಹಳೆಯ ಟ್ರೇಯಲ್ಲಿ ದೊಡ್ಡ ಬೋರ್ಡಿಗೆಂದು ಹಾಕಿದ ಒಂದು ಉಳಿದುಕೊಂಡರೆ ಅದು ಬೆಸುಗೆಗೆ ತಾಗುತ್ತದೆ, ಯಂತ್ರ ಏಳುವುದೇ ಇಲ್ಲ. ಸ್ಕ್ರೂಗಳಲ್ಲೂ ಎರಡು ಜಾತಿ: 6-32 ಒರಟು ಮರೆಯದ್ದು (ಥ್ರೆಡ್), ಎಂ3 ನಯ ಮರೆಯದ್ದು. ಎರಡು ಸುತ್ತು ಬೆರಳಲ್ಲೇ ತಿರುಗದಿದ್ದರೆ ತಪ್ಪು ಸ್ಕ್ರೂ ಎಂದೇ ತಿಳಿಯಿರಿ.

ಈಗ ಅಗಲದ ಲೆಕ್ಕ. ಸ್ಟ್ಯಾಂಡಾಫ್ 6.5, ಬೋರ್ಡಿನ ದಪ್ಪ 1.6, ಬೋರ್ಡಿನಿಂದ ಪ್ರೊಸೆಸರ್‌ನ ಮೇಲ್ಮೈಗೆ ಸುಮಾರು 8, ಕೂಲರ್ 155: ಇಷ್ಟೇ 171 ಮಿ.ಮೀ. ಆಯಿತು. ಮುಚ್ಚಳಕ್ಕೆ ತಾಗದಂತೆ 5, ಟ್ರೇಯ ಹಿಂದೆ ಕೇಬಲ್‌ಗೆ 20 ಸೇರಿಸಿದರೆ ಒಳಅಗಲ 195ರಿಂದ 200 ಬೇಕು. ಗುಜರಿಯಲ್ಲಿ ಸಿಗುವ ಅಗ್ಗದ ಕ್ಯಾಬಿನೆಟ್‌ಗಳ ಅಗಲ ಅನೇಕ ಸಲ 180 ಕೂಡ ಇರುವುದಿಲ್ಲ. ಚಿಂತೆಯಿಲ್ಲ, ಮರದ ಅಂಗಿಯನ್ನು ಎರಡೂ ಬದಿಗೆ ಉಬ್ಬಿಸಿದರೆ ಆ ಜಾಗ ಸಿಗುತ್ತದೆ. ಹಿಂದೆ ಉಳಿಯುವ ಸಂದಿಗೆ ಮರದ ಪಟ್ಟಿ ಕೊಟ್ಟರೆ ಆಯಿತು. ಉದ್ದಕ್ಕೆ ಕಾರ್ಡ್ 280, ಮುಂದಿನ ಫ್ಯಾನ್ 25, ಕೈ ಹಾಕಲು 20, ಫ್ಯಾನ್‌ನ ಮುಂದೆ ಬಲೆಗೂ ಗಾಳಿಗೂ 25. ಒಟ್ಟು 350 ಇಟ್ಟುಕೊಳ್ಳಿ. ಕಾರ್ಡಿನ ಪವರ್ ವೈರ್ ಬದಿಯಿಂದ ಹೊರಡುವಂಥದ್ದಾದರೆ ಮುಚ್ಚಳಕ್ಕೆ ಅದು ಒತ್ತುತ್ತದೆಯೇ ನೋಡಿ. ಹೊಸ 16 ಪಿನ್‌ನ ಕನೆಕ್ಟರ್ ಆಗಿದ್ದರೆ ಬುಡದಿಂದ 35 ಮಿ.ಮೀ. ವರೆಗೆ ವೈರ್ ಬಗ್ಗಿಸಬಾರದು, ಮೊದಲು ಹೇಳಿದ ಕರಗುವ ಕತೆ ಹೆಚ್ಚಾಗಿ ಇದರದ್ದೇ.

ಇನ್ನು ಮರ. ಪೆಟ್ಟಿಗೆಯ ನಾಲ್ಕು ಬದಿಗೆ 12 ಮಿ.ಮೀ. ಪ್ಲೈವುಡ್ ಹಾಕಿ, ಹಲಗೆಯ ಮೇಲೆ ಐಎಸ್ 710 ಎಂಬ ಮುದ್ರೆ ಇರಲಿ. ಮೆರೈನ್ ದರ್ಜೆ ಎಂದು ಕೇಳಿದರೆ ಕೊಡುವುದು ಅದನ್ನೇ. ಐಎಸ್ 303ರ ಕಮರ್ಷಿಯಲ್ ಪ್ಲೈ ಅಗ್ಗ, ಆದರೆ ನೆಲದ ತೇವಕ್ಕೆ ಪದರ ಬಿಡುತ್ತದೆ. ಹಾಗಾದರೆ ಹಲಸು ಎಲ್ಲಿ ಎಂದು ಕೇಳುತ್ತೀರಿ. ಹಲಸಿನ ಅಗಲ ಹಲಗೆಯನ್ನು ಪೂರ್ತಿ ಬದಿಯಾಗಿ ಬಳಸಿದರೆ, ನಾರಿಗೆ ಅಡ್ಡಲಾಗಿ 400 ಮಿ.ಮೀ. ಅಗಲದಲ್ಲಿ ಮಳೆಗಾಲಕ್ಕೂ ಮಾರ್ಚಿಗೂ ನಡುವೆ ಎರಡು ಮೂರು ಮಿ.ಮೀ. ವ್ಯತ್ಯಾಸ ಬರಬಹುದು. ಒಳಗಿನ ಬಿಸಿಗಾಳಿಗೆ ಒಂದು ಮುಖ ಒಣಗಿ ಹಲಗೆ ಬಾಗುವುದೂ ಇದೆ. ಉಕ್ಕಿನ ಗೂಡು ಹಿಗ್ಗುವುದಿಲ್ಲ, ಹಲಗೆ ಹಿಗ್ಗುತ್ತದೆ, ನಡುವೆ ಸ್ಕ್ರೂ ಬಿಗಿದಿದ್ದರೆ ಸೀಳುವುದು ಹಲಗೆಯೇ. ಆದ್ದರಿಂದ ಹಲಸನ್ನು ಮುಂಭಾಗಕ್ಕೆ, ಕಿರಿದಾದ ಪಟ್ಟಿಗಳಾಗಿ ಬಳಸಿ. 10 ಮಿ.ಮೀ. ಪಟ್ಟಿ, 6 ಮಿ.ಮೀ. ಸಂದಿ, ಮತ್ತೆ ಪಟ್ಟಿ; ಪ್ರತಿ ಪಟ್ಟಿಯೂ ತನ್ನಷ್ಟಕ್ಕೆ ಹಿಗ್ಗಿ ಕುಗ್ಗಲಿ. ಚೆನ್ನಾಗಿ ಬಲಿತ ಅಡಿಕೆ ಮರದ ಸಲಾಕೆಯನ್ನು ಕೀಸಿ ಹಾಕಿದರೂ ಸೊಗಸು, ಕಪ್ಪು ನಾರಿನ ಗೆರೆ ಹಲಸಿಗಿಂತ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಸಿಬಿರು ಕೈಗೆ ಚುಚ್ಚುತ್ತದೆ ಎಂಬುದೊಂದೇ ದೋಷ.

ಪ್ಲೈಯನ್ನು ಉಕ್ಕಿಗೆ ಬಿಗಿಯುವಾಗ ಮರದ ಸ್ಕ್ರೂ ಬೇಡ. ಬದಿಯ ಮುಚ್ಚಳ ಹತ್ತಾರು ಸಲ ಬಿಚ್ಚಬೇಕಾಗುತ್ತದೆ, ತೂತು ಸಡಿಲಾಗುತ್ತದೆ. ಪೀಠೋಪಕರಣದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಂ4 ಟಿ-ನಟ್ (ಮರಕ್ಕೆ ಹೊಡೆದು ಕೂರಿಸುವ ಮುಳ್ಳಿನ ನಟ್) ಪ್ಲೈಗೆ ಹೊಡೆದು, ಸ್ಟೇನ್‌ಲೆಸ್ ಸ್ಕ್ರೂ ಬಳಸಿ. ಅಲ್ಯೂಮಿನಿಯಂ ಎಲ್ಲಾದರೂ ಸೇರಿಸಿದ್ದರೆ ಅದಕ್ಕೂ ಸ್ಟೇನ್‌ಲೆಸ್‌ಗೂ ನಡುವೆ ನೈಲಾನ್ ವಾಷರ್ ಇರಲಿ, ಉಪ್ಪುಗಾಳಿಯಲ್ಲಿ ಎರಡು ಲೋಹ ತಾಗಿ ಕೂತರೆ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ತಿನ್ನಿಸಿಕೊಳ್ಳುತ್ತದೆ.

ಗಾಳಿಯ ವಿಷಯದಲ್ಲಿ ಸ್ವಲ್ಪ ಗಣಿತ ಮಾಡಲೇಬೇಕು. 120 ಮಿ.ಮೀ. ಫ್ಯಾನ್ ಒಂದರ ರೆಕ್ಕೆ ಬೀಸುವ ಜಾಗ, ನಡುವಿನ ಮೋಟಾರ್ ಬಿಟ್ಟು, ಸುಮಾರು 100 ಚದರ ಸೆಂ.ಮೀ. ಮುಂದೆ ಎರಡು ಫ್ಯಾನ್ ಎಂದರೆ 200. ನಿಮ್ಮ ಮುಂಭಾಗ 20 × 40 ಸೆಂ.ಮೀ. ಇದ್ದು, ಮೇಲೆ ಹೇಳಿದ ಪಟ್ಟಿ ಮತ್ತು ಸಂದಿ ಇಟ್ಟರೆ ತೆರೆದ ಜಾಗ 300 ಚದರ ಸೆಂ.ಮೀ. ಸಾಕು ಎನಿಸುತ್ತದೆ. ಆದರೆ ದೂಳಿನ ಬಲೆಯನ್ನು ಪಟ್ಟಿಯ ಬೆನ್ನಿಗೇ ಅಂಟಿಸಿದರೆ ಸಂದಿಯ ಹಿಂದಿರುವ ಬಲೆಯಷ್ಟೇ ಕೆಲಸ ಮಾಡುತ್ತದೆ. ಬಲೆಯ ಎಳೆ ಅರ್ಧ ಜಾಗ ನುಂಗಿದರೆ ಉಳಿಯುವುದು 150. ಬಲೆಯನ್ನು ಪಟ್ಟಿಯಿಂದ 15 ಮಿ.ಮೀ. ಹಿಂದಕ್ಕೆ ಇಡಿ. ಗಾಳಿ ಸಂದಿಯಿಂದ ಒಳಬಂದು ಹರಡಿ ಇಡೀ 800 ಚದರ ಸೆಂ.ಮೀ. ಬಲೆಯ ಮೂಲಕ ಹೋಗುತ್ತದೆ. ಬಲೆಯಿಂದ ಫ್ಯಾನ್‌ಗೂ 10 ಮಿ.ಮೀ. ಅಂತರ ಇರಲಿ, ಇಲ್ಲದಿದ್ದರೆ ಗುಂಯ್ ಎಂಬ ಸದ್ದು ಬರುತ್ತದೆ.

ಕಿಟಕಿಗೆ ಹಾಕುವ ಸೊಳ್ಳೆ ಬಲೆ ಹಲ್ಲಿ, ಜಿರಳೆಗಳನ್ನು ತಡೆಯುತ್ತದೆ, ಮುರಕಲ್ಲಿನ ಕೆಂಪು ದೂಳನ್ನು ತಡೆಯುವುದಿಲ್ಲ. ದೂಳಿಗೆ ಕಂಪ್ಯೂಟರ್‌ಗೆಂದೇ ಮಾರುವ ನೈಲಾನ್ ಬಲೆ ಬೇಕು. ಅದನ್ನು ಆಯಸ್ಕಾಂತದ ಪಟ್ಟಿಯಲ್ಲಿ ಕೂರಿಸಿ, ತೆಗೆದು ನೀರಲ್ಲಿ ತೊಳೆಯುವಂತಿರಲಿ. ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಆಗ ಒಳಗೆ ಒತ್ತಡ ಸ್ವಲ್ಪ ಹೆಚ್ಚಿದ್ದು, ಮರದ ಸಂದಿಗಳಿಂದ ದೂಳು ಒಳಸೇರುವುದಿಲ್ಲ. ಹಳೆಯ ತಗಡಿನ ಹಿಂಬದಿಯಲ್ಲಿ 80 ಅಥವಾ 92 ಮಿ.ಮೀ. ಫ್ಯಾನ್‌ಗೆ ಮಾತ್ರ ತೂತು ಇರಬಹುದು. ಜಾಗ ಇದ್ದರೆ 120ಕ್ಕೆ ಹಿಗ್ಗಿಸಿ: ನಾಲ್ಕೂವರೆ ಇಂಚಿನ ಹೋಲ್ ಸಾ (ಡ್ರಿಲ್‌ಗೆ ಹಾಕುವ ದುಂಡು ಗರಗಸ) ಸರಿಹೊಂದುತ್ತದೆ, ಸ್ಕ್ರೂ ತೂತುಗಳ ಅಂತರ 105 ಮಿ.ಮೀ. ತಗಡಿನ ಎರಡೂ ಮುಖಕ್ಕೆ ಮಾಸ್ಕಿಂಗ್ ಟೇಪ್, ಹಿಂದೆ ಒಂದು ಮರದ ತುಂಡು ಕೊಟ್ಟು ಕಡಿಮೆ ವೇಗದಲ್ಲಿ ಕೊರೆಯಿರಿ. ವೇಗ ಹೆಚ್ಚಿಸಿದರೆ ಹಲ್ಲು ಸಿಕ್ಕಿ ಡ್ರಿಲ್ ಮಣಿಕಟ್ಟನ್ನೇ ತಿರುಚುತ್ತದೆ.

ಉಕ್ಕಿನ ಗೂಡು ಉಳಿಸಿಕೊಂಡದ್ದರ ಇನ್ನೊಂದು ಲಾಭ ಅರ್ಥಿಂಗ್. ಪವರ್ ಸಪ್ಲೈ ಅದೇ ತಗಡಿಗೆ ಬಿಗಿದಿರುವುದರಿಂದ ಬೋರ್ಡ್, ಟ್ರೇ ಎಲ್ಲ ಅರ್ಥ್ ಆಗುತ್ತವೆ. ಪ್ರೈಮರ್ ಹೊಡೆಯುವಾಗ ಸಪ್ಲೈಯ ಸ್ಕ್ರೂ ಕೂರುವ ಜಾಗವನ್ನು ಮಾತ್ರ ಬರಿದಾಗಿ ಬಿಡಿ. ಆಮೇಲೆ ಪ್ಲಗ್ ಕಳಚಿ ಹಿಡಿದು, ಅದರ ದಪ್ಪ ಪಿನ್ನಿಗೂ ಟ್ರೇಗೂ ಮಲ್ಟಿಮೀಟರ್ ಇಟ್ಟು ನೋಡಿ. ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಮುಂದಿನ ಲೋಹದ ಸ್ವಿಚ್ಚು ಮರದಲ್ಲಿ ಕೂರುತ್ತದೆ, ಅದರ ಮೈಯಿಂದ ಟ್ರೇಗೆ ಒಂದು ವೈರ್ ಎಳೆಯಿರಿ.

ಸ್ವಿಚ್ಚು ಕೊಳ್ಳುವಾಗ ಎಚ್ಚರ: ಒತ್ತಿ ಬಿಟ್ಟರೆ ಹಿಂದಕ್ಕೆ ಬರುವ ಮೊಮೆಂಟರಿ ಜಾತಿಯದ್ದೇ ಆಗಬೇಕು. ಒತ್ತಿದಲ್ಲೇ ನಿಲ್ಲುವುದನ್ನು ಹಾಕಿದರೆ ಬೋರ್ಡಿಗೆ ಗುಂಡಿಯನ್ನು ಹಿಡಿದೇ ಇದ್ದಂತೆ ಕಾಣುತ್ತದೆ, ನಾಲ್ಕು ಸೆಕೆಂಡಿಗೆ ಯಂತ್ರ ಆರುತ್ತದೆ, ಬೋರ್ಡ್ ಕೆಟ್ಟಿತೆಂದು ಜನ ಅಂಗಡಿಗೆ ಓಡುತ್ತಾರೆ. ಸುತ್ತ ದೀಪ ಇರುವುದಾದರೆ 12 ವೋಲ್ಟ್‌ನದು ಬೇಡ, ಮಂಕಾಗಿ ಉರಿಯುತ್ತದೆ ಅಥವಾ ಉರಿಯುವುದೇ ಇಲ್ಲ. 3ರಿಂದ 6 ವೋಲ್ಟ್‌ನದು ಕೇಳಿ. ಬೋರ್ಡಿನಲ್ಲಿ ಸ್ವಿಚ್ಚು, ದೀಪಗಳಿಗೆಂದೇ ಇರುವ 9 ಪಿನ್‌ಗಳಲ್ಲಿ ಪವರ್ ಸ್ವಿಚ್ಚಿಗೆ ಸಾಮಾನ್ಯವಾಗಿ 6 ಮತ್ತು 8, ದೀಪಕ್ಕೆ 2 ಮತ್ತು 4. ಸ್ವಿಚ್ಚಿನ ವೈರ್ ತಿರುಗುಮುರುಗಾದರೂ ನಡೆಯುತ್ತದೆ, ದೀಪದ್ದು ನಡೆಯುವುದಿಲ್ಲ, 2ನೆಯ ಪಿನ್ ಧನ (+).

ಪಾಲಿಶ್ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚಿನೊಳಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ತೇವ ಸಿಕ್ಕಿಕೊಂಡು ಹಾಲಿನಂತೆ ಬಿಳಿಚುತ್ತದೆ. ಒಳಮುಖಕ್ಕೂ ಅಂಚುಗಳಿಗೂ ಹೊರಗಿನಷ್ಟೇ ಕೋಟ್ ಬೇಕು, ಮುಖ್ಯವಾಗಿ ಅಂಚಿಗೆ. ಪ್ಲೈ ನೀರು ಕುಡಿಯುವುದು ಅಲ್ಲಿಂದಲೇ. ತಳಕ್ಕೆ 20 ಮಿ.ಮೀ. ರಬ್ಬರ್ ಕಾಲು ಹಾಕಿ, ಗೋಡೆಗೆ ಒರಗಿಸಬೇಡಿ. ಒಳಗೆ ಸಿಲಿಕಾ ಜೆಲ್ ಇಡುವುದು ವ್ಯರ್ಥ, ಊರ ಗಾಳಿಯೆಲ್ಲ ಹಾದುಹೋಗುವ ಪೆಟ್ಟಿಗೆ ಅದು. ಬದಲಿಗೆ ಮಳೆಗಾಲದಲ್ಲಿ ದಿನಕ್ಕೊಂದು ಗಂಟೆಯಾದರೂ ಯಂತ್ರ ಓಡಿಸಿ.

ಎಲ್ಲ ಜೋಡಿಸಿದ ಮೇಲೆ ಮುಂಭಾಗ ತೆಗೆದು ಅರ್ಧ ಗಂಟೆ ಯಾವುದಾದರೂ ಭಾರದ ಆಟ ಓಡಿಸಿ ಕಾರ್ಡಿನ ಉಷ್ಣತೆ ಬರೆದಿಡಿ. ಅದೇ ಕೋಣೆ, ಅದೇ ಹೊತ್ತು, ಮುಂಭಾಗ ಹಾಕಿ ಮತ್ತೆ ನೋಡಿ. ವ್ಯತ್ಯಾಸ ಐದು ಡಿಗ್ರಿಯೊಳಗಿದ್ದರೆ ಸರಿ. ಅದಕ್ಕಿಂತ ಹೆಚ್ಚಾದರೆ ಫ್ಯಾನ್ ಬದಲಿಸಲು ಹೋಗಬೇಡಿ, ಪಟ್ಟಿಗಳಲ್ಲಿ ಮೂರಕ್ಕೊಂದನ್ನು ಕಿತ್ತು ಸಂದಿ ಹಂಚಿ ಜೋಡಿಸಿ.