ಆ ವೇಟಿಂಗ್ ಟೈಮ್ ಗ್ರಾಫ್ ನಂಬಬೇಡಿ

ಸುಮೋ ಅನ್ನೋ ಟ್ರಾಫಿಕ್ ಸಿಮ್ಯುಲೇಟರಿನಲ್ಲಿ ಡಿಕ್ಯೂಎನ್ (ಮಾಡಿ ನೋಡಿ ತಾನೇ ಕಲಿಯುವ ಪ್ರೋಗ್ರಾಂ) ನಡೆಸುವ ಸಿಗ್ನಲ್‌ನಿಂದ ಗಾಡಿಗಳು ಕಾಯುವ ಸಮಯ ಅರ್ಧಕ್ಕಿಳಿಯಿತು ಅಂತ ನಿಮ್ಮ ಪೋಸ್ಟಿನಲ್ಲಿ ಗ್ರಾಫ್ ಹಾಕಿದ್ದೀರಿ. ನಾನೂ ಹೀಗೇ ಹಾಕಿ ಬೆನ್ನು ತಟ್ಟಿಕೊಂಡಿದ್ದೆ. ಎರಡು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ರಿವಾರ್ಡ್‌ಗೆ, ಅಂದರೆ ಕಲಿಯುವಾಗ ಅದಕ್ಕೆ ಸಿಗುವ ಅಂಕಕ್ಕೆ, ಸುಮೋದ ವೇಟಿಂಗ್ ಟೈಮ್ ಅನ್ನೇ ಕೊಟ್ಟಿದ್ದೀರಿ ಅಲ್ವಾ? ಗಾಡಿಯ ವೇಗ ಸೆಕೆಂಡಿಗೆ 0.1 ಮೀಟರ್ ದಾಟಿತೋ, ಆ ಲೆಕ್ಕ ಸೊನ್ನೆಗೆ ಬರುತ್ತದೆ. ನನಗಿಂತ ಮೊದಲು ನನ್ನ ಏಜೆಂಟಿಗೆ (ಸಿಗ್ನಲ್ ನಡೆಸುವ ಆ ಪ್ರೋಗ್ರಾಂಗೆ) ಇದು ಗೊತ್ತಾಗಿತ್ತು! ಒಂದು ರಾತ್ರಿ ಗಾಡಿಗಳ ಓಡಾಟ ತೋರಿಸುವ ಸುಮೋ ಜಿಯುಐ ತೆರೆದು ನಿಧಾನಕ್ಕೆ ಓಡಿಸಿದೆ. ಉತ್ತರಕ್ಕೆ 5 ಸೆಕೆಂಡ್ ಹಸಿರು. ಮುಂದಿನ ಎರಡು ಗಾಡಿ ದಾಟಿದವು, ಹಿಂದಿನವು ಒಂದೆರಡು ಅಡಿ ತೆವಳಿದವು. ಆಮೇಲೆ 3 ಸೆಕೆಂಡ್ ಹಳದಿ. ಪೂರ್ವಕ್ಕೂ ಇದೇ ಆಟ. ಸಾಲು ಬೆಳೆಯುತ್ತಲೇ ಇತ್ತು, ಗ್ರಾಫ್ ಮಾತ್ರ ಚೆನ್ನಾಗಿತ್ತು.

ಟೆಲಿಪೋರ್ಟ್ ಆಫ್ ಮಾಡಿದ್ದೀರಾ? ಡೀಫಾಲ್ಟ್‌ನಲ್ಲಿ 300 ಸೆಕೆಂಡ್ ಅಲ್ಲಾಡದ ಗಾಡಿಯನ್ನು ಸುಮೋ ಎತ್ತಿ ಮುಂದಿನ ರಸ್ತೆಗೆ ಹಾಕುತ್ತದೆ. ಜಾಮ್ ಸುಳ್ಳೇ ಕರಗಿದ ಹಾಗೆ ಕಾಣುತ್ತದೆ. ಅದನ್ನು ನಿಲ್ಲಿಸಲು ಟೈಮ್-ಟು-ಟೆಲಿಪೋರ್ಟ್ -1 ಇಡಿ. ಎಲ್ಲ ಕಚ್ಚಿಕೊಂಡು ನಿಂತರೆ ಏಜೆಂಟನ್ನೇ ಬೈಯಬೇಡಿ, ನಕ್ಷೆಯಲ್ಲಿ ಲೇನ್ ಕನೆಕ್ಷನ್ ತಪ್ಪಿದ್ದರೂ ಹಾಗಾಗುತ್ತದೆ. ಪ್ರತಿ ಗಾಡಿಯ ಪ್ರಯಾಣದ ಲೆಕ್ಕ ಬರೆಯುವ ಸುಮೋದ ಟ್ರಿಪ್‌ಇನ್ಫೋ ಫೈಲ್ ಕೂಡ ಊರು ಮುಟ್ಟಿದ ಗಾಡಿಗಳನ್ನಷ್ಟೇ ಬರೆಯುತ್ತದೆ. ಮುಗಿಯದವನ್ನೂ ಬರೆಯುವ ಆಯ್ಕೆ ಹಾಕಿ, ರಸ್ತೆಗೇ ಇಳಿಯಲಾಗದೆ ಕಾದವುಗಳ ಡಿಪಾರ್ಟ್ ಡಿಲೇ (ಹೊರಡುವುದಕ್ಕೇ ಆದ ತಡ) ಸೇರಿಸಿ.

ನನಗೆ ಕೆಲಸ ಮಾಡಿದ್ದು ಪ್ರೆಶರ್ ರಿವಾರ್ಡ್: ಒಳಬರುವ ಲೇನಿನ ಗಾಡಿಗಳಿಂದ ಹೊರಹೋಗುವ ಲೇನಿನವನ್ನು ಕಳೆದು, ಉಳಿದದ್ದು ಕಡಿಮೆಯಾದಷ್ಟೂ ಹೆಚ್ಚು ಅಂಕ ಕೊಡುವುದು. ಹೊರಗಿನ ರಸ್ತೆ ತುಂಬಿದ್ದರೆ ಅಲ್ಲಿಗೆ ಸುಮ್ನೆ ತಳ್ಳುವುದು ನಿಲ್ಲುತ್ತದೆ. ಆದರೆ ಆ ಲೇನುಗಳ ಎಣಿಕೆಯೂ ಬೇಕು. ನಿಜವಾದ ಜಂಕ್ಷನ್ನಿನಲ್ಲಿ ಅದಕ್ಕೆ ಇನ್ನೊಂದು ಕ್ಯಾಮೆರಾ ಬೇಕಾಗಬಹುದು. ಮತ್ತೆ, 90 ಸೆಕೆಂಡಿನ ಡೀಫಾಲ್ಟ್ ಸೈಕಲ್ಲನ್ನು (ಸಿಗ್ನಲ್ ಒಂದು ಪೂರ್ತಿ ಸುತ್ತು ಮುಗಿಸುವ ಸಮಯ) ಸೋಲಿಸಿ ಗೆದ್ದೆ ಅನ್ನಬೇಡಿ ಮಾರಾಯ್ರೇ. ಗಾಡಿಗಳ ದಟ್ಟಣೆ ನೋಡಿ ಸುತ್ತಿನ ಸಮಯ ಹೇಳುವ 1958ರ ವೆಬ್‌ಸ್ಟರ್ ಸೂತ್ರದಿಂದ ಸೈಕಲ್ ಲೆಕ್ಕ ಹಾಕಿ. ಆಮೇಲೆ ಕಲಿಕೆಯೇ ಇಲ್ಲದ ಮ್ಯಾಕ್ಸ್ ಪ್ರೆಶರ್ (ಪ್ರೆಶರ್ ಹೆಚ್ಚಿರುವ ಕಡೆಗೆ ಹಸಿರು ಕೊಡುವ ನಿಯಮ) ಬರೆಯಿರಿ, ಹತ್ತಿಪ್ಪತ್ತು ಸಾಲಿನ ಕೋಡ್ ಅಷ್ಟೇ. ಅದನ್ನು ಸೋಲಿಸಲು ನನ್ನ ಡಿಕ್ಯೂಎನ್ ಏದುಸಿರು ಬಿಟ್ಟಿತು.

ಕನಿಷ್ಠ ಹಸಿರು ಹಾಕಿ. ನಡೆದು ದಾಟುವವರಿದ್ದಾರೆ: 12 ಮೀಟರ್ ರಸ್ತೆ, ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂದರೂ 10 ಸೆಕೆಂಡ್ ಬೇಕು. ವಯಸ್ಸಾದವರಿಗೆ ಇನ್ನೂ ಜಾಸ್ತಿ.

ಸಿಟಿಫ್ಲೋ ಅನ್ನೋ ಇನ್ನೊಂದು ಸಿಮ್ಯುಲೇಟರ್ ಬಿರುಸಾಗಿ ಓಡುತ್ತದೆ, ಒಪ್ಪುತ್ತೇನೆ. ಆದರೆ ಸಂದಿಯಲ್ಲಿ ನುಗ್ಗುವ ಬೈಕುಗಳಿದ್ದರೆ ನನ್ನ ಓಟು ಸುಮೋಗೇ. ಒಂದೇ ಲೇನಿನಲ್ಲಿ ಗಾಡಿಗಳು ಪಕ್ಕಪಕ್ಕ ಸರಿಯಲು ಬಿಡುವ ಲ್ಯಾಟರಲ್ ರೆಸಲ್ಯೂಷನ್ ಹಾಕಿ, ನಿಧಾನವಾದರೆ ಆಗಲಿ. ಒಂದೇ ಸೀಡ್ (ಯಾದೃಚ್ಛಿಕತೆಗೆ ಕೊಡುವ ಆರಂಭದ ಸಂಖ್ಯೆ) ಸಾಲದು, ಹತ್ತಾದರೂ ಓಡಿಸಿ. ಮುಂದೆ ಕ್ಯಾಮೆರಾ ಎಣಿಕೆ ಬಳಸುವ ಯೋಚನೆಯಿದ್ದರೆ ತರಬೇತಿಯಲ್ಲೇ ಆಗಾಗ ಒಂದೆರಡು ಗಾಡಿ ಲೆಕ್ಕ ತಪ್ಪಿಸಿ. ರಾತ್ರಿ ಹೆಡ್‌ಲೈಟ್ ಹೊಡೆದಾಗ ಚಿತ್ರದಲ್ಲಿ ಗಾಡಿ ಗುರುತಿಸುವ ಯೋಲೋ ಪ್ರೋಗ್ರಾಂ ಲೆಕ್ಕ ತಪ್ಪಬಹುದು.