ಅಮೆರಿಕದ ಸ್ಪೋರ್ಟ್ಸ್ ಕಾರು ಷೆವ್ರೊಲೆ ಕಾರ್ವೆಟ್‌ನ ಎಲ್‌ಟಿ-1 ಎಂಜಿನ್ನಿನ 370 ಎಚ್‌ಪಿ (ಹಾರ್ಸ್‌ಪವರ್) ಎರಡೇ ವರ್ಷದಲ್ಲಿ 255 ಆದದ್ದು ಹೇಗೆ?

ಮುಖ್ಯ ಕಾರಣ ಅಳೆಯುವ ಕ್ರಮ ಬದಲಾಗಿದ್ದು. 1970ರ ಕಾರ್ವೆಟ್ ಎಲ್‌ಟಿ-1ರ 370 ಎಚ್‌ಪಿ 'ಗ್ರಾಸ್' ಲೆಕ್ಕ. ಅಂದರೆ ಏರ್ ಫಿಲ್ಟರ್, ಸೈಲೆನ್ಸರ್ ಏನೂ ಇಲ್ಲದೆ, ಬರೀ ಎಂಜಿನ್ನನ್ನು ಸ್ಟ್ಯಾಂಡ್ ಮೇಲಿಟ್ಟು ಅಳೆದದ್ದು. 1972ರ 255 'ನೆಟ್' ಲೆಕ್ಕ, ಎಲ್ಲ ಜೋಡಿಸಿದ ಮೇಲಿನದ್ದು. ಎಂಜಿನ್ ಅದೇ 5.7 ಲೀಟರಿನದು.

ಹಾಗಂತ ಶಕ್ತಿ ಇಳಿದೇ ಇಲ್ಲ ಅಂತಲ್ಲ. 1971ರಲ್ಲಿ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ-ಇಂಧನದ ಮಿಶ್ರಣವನ್ನು ಒತ್ತುವ ಪ್ರಮಾಣ) 11:1ರಿಂದ 9:1ಕ್ಕೆ ಇಳಿಯಿತು, ಗ್ರಾಸ್ ಲೆಕ್ಕದಲ್ಲೇ 330 ಆಯಿತು. ಆ 40 ಎಚ್‌ಪಿ ನಿಜವಾದ ನಷ್ಟ. ಉಳಿದದ್ದು ಬಹುಪಾಲು ಕಾಗದದ ಮೇಲಿನದು.

ಇಂಥ ಎರಡು ಹಳೆಯ ಕಾರುಗಳನ್ನು ಹೋಲಿಸುವುದಾದರೆ, ಮೊದಲು ಪ್ರತಿ ಎಚ್‌ಪಿ ಅಂಕಿಯ ಪಕ್ಕ ಗ್ರಾಸೋ ನೆಟ್ಟೋ ಬರೆದುಕೊಳ್ಳಿ. ಗ್ರಾಸ್ ಅಂಕಿಯನ್ನು ಇಂತಿಷ್ಟರಿಂದ ಗುಣಿಸಿ ನೆಟ್ ಮಾಡೋಕೆ ಹೋಗಬೇಡಿ. ಅದಕ್ಕೆ ಖಚಿತ ಸೂತ್ರ ಇಲ್ಲ, ಎಂಜಿನ್ನಿಂದ ಎಂಜಿನ್ನಿಗೆ ಬೇರೆಯಾಗುತ್ತೆ. ಆಮೇಲೆ ಕಂಪ್ರೆಷನ್, ಕಾರಿನ ತೂಕ ನೋಡಿ. ಹಿಂದಿನ ಆಕ್ಸಲ್ ಅನುಪಾತವನ್ನಂತೂ (ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋ ಲೆಕ್ಕ) ಮರೆಯಲೇಬೇಡಿ. 3.55 ಇರುವ ಕಾರಿಗಿಂತ 4.11 ಇರುವುದು ಶುರುವಿನಲ್ಲಿ ಜಾಸ್ತಿ ಚುರುಕು, ಎಂಜಿನ್ ಒಂದೇ ಆದರೂ. ಕೊನೆಗೆ ಎರಡೂ ಕಾರುಗಳ ಕಾಲು ಮೈಲಿ ಸಮಯವನ್ನು ಒಂದೇ ಪತ್ರಿಕೆಯ ಪರೀಕ್ಷೆಗಳಿಂದ ತೆಗೆದುಕೊಳ್ಳಿ.