ಪೆಕಮ್‌ನ ಈಜುಕೊಳ, ನಮ್ಮ ಜಡಿಮಳೆ

ಪ್ರಶ್ನೆ: ಊರಿನ ಹೈಸ್ಕೂಲು ಪಕ್ಕದ ಜಾಗದಲ್ಲಿ ಸಮುದಾಯ ಭವನ ಕಟ್ಟಬೇಕೆಂದಿದ್ದೇವೆ. ಆರೋಗ್ಯ ತಪಾಸಣೆಗೊಂದು ಕೋಣೆ, ಶಟಲ್ ಕೋರ್ಟು, ಕೂತು ಮಾತಾಡಲು ಜಾಗ, ಇಷ್ಟು ಬೇಕು. ಮಗಳು ಲಂಡನ್ನಿನ ಪೆಕಮ್‌ನಲ್ಲಿರುವ ಹಳೆಯ ಆರೋಗ್ಯ ಕೇಂದ್ರದ ಫೋಟೊ ತೋರಿಸಿ, ಹೀಗೇ ಕಾಂಕ್ರೀಟು, ಗಾಜು, ಮಟ್ಟಸ ತಾರಸಿ ಇರಲಿ ಅನ್ನುತ್ತಾಳೆ. ಆದೀತೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮಗಳ ಕಣ್ಣು ಒಳ್ಳೆಯದಿದೆ. 1935ರಲ್ಲಿ ತೆರೆದ ಆ ಕಟ್ಟಡ ಮಾಡಿದ ಓವೆನ್ ವಿಲಿಯಮ್ಸ್ ಆರ್ಕಿಟೆಕ್ಟ್ ಅಲ್ಲ, ಎಂಜಿನಿಯರ್. (ನಮ್ಮ ಜಾತಿಯವ ಎಂದು ನನಗೆ ಸ್ವಲ್ಪ ಜಂಬ.) ಆದರೆ ತಾರಸಿ ಬೇಡವೇ ಬೇಡ. ಲಂಡನ್ನಿಗೆ ವರ್ಷವಿಡೀ ಬೀಳುವುದು 600 ಮಿ.ಮೀ. ಆಸುಪಾಸು. ನಿಮ್ಮ ಪಕ್ಕದ ಆಗುಂಬೆಗೆ 7,000 ದಾಟುವುದು ಹೊಸದಲ್ಲ. ಹುಡುಗುಬುದ್ಧಿಯಲ್ಲಿ ನಾನೂ ನಿಮ್ಮ ಕಡೆಯೇ ಒಂದು ತಾರಸಿ ಭವನಕ್ಕೆ ನಕ್ಷೆ ಹಾಕಿದ್ದೆ. ಎರಡನೇ ಮಳೆಗಾಲಕ್ಕೇ ವೇದಿಕೆ ಮೇಲೆ ಬಕೆಟ್ಟು ಬಂತು. ಈಗ ಅದರ ನೆತ್ತಿಗೆ ಶೀಟಿನ ಟೋಪಿ. ಬಸ್ಸು ಆ ದಾರಿ ಹಿಡಿದರೆ ನಾನು ಇನ್ನೊಂದು ಬದಿಯ ಕಿಟಕಿ ನೋಡುತ್ತೇನೆ.

ಫೋಟೊದಲ್ಲಿ ನೋಡಬೇಕಾದ್ದು ಬೇರೆ ಇದೆ. ಆ ಕಟ್ಟಡದ ನಡುಮಧ್ಯೆ ಈಜುಕೊಳ, ಅದಕ್ಕೆ ಗಾಜಿನ ಗೋಡೆ. ಚಹಾ ಕುಡಿಯುತ್ತ ಕೂತ ತಾಯಿಗೆ ಕೆಳಗೆ ಈಜುವ ಮಗ ಕಾಣುತ್ತಿದ್ದ. ಅದನ್ನು ನಡೆಸುತ್ತಿದ್ದ ಸ್ಕಾಟ್ ವಿಲಿಯಮ್ಸನ್, ಇನ್ನೆಸ್ ಪಿಯರ್ಸ್ ಎಂಬ ಇಬ್ಬರು ವೈದ್ಯರಿಗೆ ಬೇಕಾಗಿದ್ದದ್ದೂ ಅದೇ: ಕಾಯಿಲೆ ಬಿದ್ದ ಮೇಲೆ ಬರುವವರನ್ನಲ್ಲ, ಆಡಿಕೊಂಡು ಉಂಡುಕೊಂಡು ಇರುವವರನ್ನು ನೋಡುವುದು. ಒಬ್ಬೊಬ್ಬರಾಗಿ ಸೇರುವಂತಿರಲಿಲ್ಲ, ಇಡೀ ಮನೆಯವರು ಸೇರಬೇಕು, ವಾರಕ್ಕೆ ಒಂದು ಶಿಲಿಂಗ್. 1950ರಲ್ಲಿ ಕೇಂದ್ರ ಮುಚ್ಚಿತು, ಈಗ ಅಲ್ಲಿ ಫ್ಲ್ಯಾಟುಗಳಿವೆ.

ಆ ‘ಕಾಣುವಿಕೆ’ಗೆ ನಮ್ಮಲ್ಲಿ ಗಾಜು ಬೇಕಿಲ್ಲ. ಜಗುಲಿಯಲ್ಲಿ ಅಡಿಕೆ ಸುಲಿಯುತ್ತಲೇ ಅಂಗಳದ ಮಕ್ಕಳ ಮೇಲೆ ಕಣ್ಣಿಟ್ಟವರಲ್ಲವೇ ನಾವು? ಕೊಳದ ಜಾಗದಲ್ಲಿ ಶಟಲ್ ಕೋರ್ಟು ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳಿಗೆ ಆಡಲು ಬೇರೆ ಜಾಗವೆಲ್ಲಿದೆ? ಸುತ್ತ ಎರಡಡಿ ಎತ್ತರದ ಅಗಲ ಜಗುಲಿ ಬರಲಿ. ತಪಾಸಣೆ ಕೋಣೆಯ ಬಾಗಿಲು ಜಗುಲಿಗೇ ತೆರೆಯಲಿ, ಹಿಂದಿನ ಮೂಲೆಗೆ ತಳ್ಳಬೇಡಿ. ಆಟ ನೋಡಲು ಬಂದ ಅಜ್ಜ ಹಾಗೇ ಬಿ.ಪಿ. ತೋರಿಸಿಕೊಂಡು ಹೋಗಬೇಕು, ಅಷ್ಟು ಸಲೀಸಿರಲಿ. ಪಡುವಣ ಗಾಳಿಮಳೆಗೆ ಆ ಬದಿಯ ಸೂರು ನಾಲ್ಕಡಿಯಾದರೂ ಮುಂದೆ ಚಾಚಲಿ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಹಾಗಾಗಿ ಕೋರ್ಟಿಗೆ ನುಣುಪು ಟೈಲ್ಸ್ ಹಾಕಿದರೆ ಮೊದಲ ರೋಗಿ ಅಲ್ಲಿಂದಲೇ ಬರುತ್ತಾನೆ.

ಕೋರ್ಟಿನ ಮೇಲೆ ಶೀಟು ಇದ್ದರೆ ತೊಂದರೆಯಿಲ್ಲ. ತಪಾಸಣೆ ಕೋಣೆಗೆ ಮಾತ್ರ ಸ್ಲ್ಯಾಬ್ ಹಾಕಿ, ಅದರ ಮೇಲೆ ಇಳಿಜಾರಾಗಿ ಮಂಗಳೂರು ಹೆಂಚು ಹೊದಿಸಿ. ಆರಿದ್ರೆ ಮಳೆ ಬರೀ ಶೀಟಿನ ಮೇಲೆ ಬಡಿಯುವಾಗ ಸ್ಟೆತಾಸ್ಕೋಪಿನಲ್ಲಿ ಡಾಕ್ಟರಿಗೆ ಏನು ಕೇಳಿಸೀತು?